ಇಪ್ಪತ್ತೊಂದು ವರ್ಷ ಕಾಯೋ ವೈನು, ಎರಡು ದಿನ ಕಾಯದ ಟೊಮೆಟೊ

1/9 | ಇಕ್ಕಳದಲ್ಲಿ ಒಡೆಯೋ ಬಾಟಲಿ

ಆ ರೀಲ್ ನೀವೂ ನೋಡಿರ್ತೀರ. ಕಪ್ಪು ಬಾಟಲಿ, ಮೈಯೆಲ್ಲ ಧೂಳು. ಕೋಟು ಹಾಕಿದ ಒಬ್ಬರು ಕೆಂಪಗೆ ಕಾದ ಇಕ್ಕಳದಿಂದ ಬಾಟಲಿ ಕತ್ತನ್ನ ಹಿಡೀತಾರೆ. ಸ್ವಲ್ಪ ಹೊತ್ತು ಬಿಟ್ಟು ಒದ್ದೆ ಬಟ್ಟೆ ಒತ್ತುತ್ತಾರೆ. ಟಕ್! ಕತ್ತು ನೀಟಾಗಿ ಕಳಚಿ ಬರುತ್ತೆ. ಸುತ್ತ ನಿಂತವರು ಚಪ್ಪಾಳೆ.

ಅದು ವಿಂಟೇಜ್ ಪೋರ್ಟ್. ಪೋರ್ಚುಗಲ್ ದೇಶದ ವೈನ್. ಹತ್ತಾರು ವರ್ಷ ಇಟ್ಟ ಬಾಟಲಿಯ ಬಿರಡೆ ಪುಡಿಪುಡಿ ಆಗಿರುತ್ತೆ, ಎಳೆಯೋಕೆ ಹೋದ್ರೆ ಒಳಗೇ ಉದುರುತ್ತೆ. ಅದಕ್ಕೇ ಈ ಇಕ್ಕಳದ ಸರ್ಕಸ್ಸು.

ರೀಲ್ ನಮ್ಮ ಕ್ಲಾಸ್ ಗ್ರೂಪಿಗೆ ಬಂದಾಗಿನಿಂದ ಒಂದೇ ಪ್ಲಾನ್ ಓಡ್ತಿದೆ: "ಇನ್ನೇನು ಎಲ್ಲರಿಗೂ ಇಪ್ಪತ್ತೊಂದು ತುಂಬುತ್ತೆ ಗುರು, ಸೇರಿ ಒಂದು ಪೋರ್ಟ್ ಒಡೆಯೋಣ." ಒಬ್ಬ ಆಗ್ಲೇ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ ಕಳಿಸಿದಾನೆ. ಬಿಕಾಂ ಓದಿದ್ದಕ್ಕೆ ಸಾರ್ಥಕ!

ನನಗಿನ್ನೂ ಇಪ್ಪತ್ತು. ನಾನು ಪೋರ್ಟ್ ಕುಡಿದಿಲ್ಲ. ನಮ್ಮ ರಾಜ್ಯದ ಅಬಕಾರಿ ಲೈಸೆನ್ಸ್ ನಿಯಮದ ಪ್ರಕಾರ 21 ತುಂಬದವರಿಗೆ ಅಂಗಡಿಯವರು ಮಾರುವಂತೆಯೂ ಇಲ್ಲ. "ಕುಡೀದೇ ಇರೋರು ಅದರ ಬಗ್ಗೆ ಯಾಕೆ ಬರೀಬೇಕು?" ಅಂತ ಕೇಳ್ತೀರೇನೋ. ಮೂರು ವರ್ಷದಿಂದ ಕೈಯಲ್ಲಿ ಒಂದು ರೂಪಾಯಿ ಬಂಡವಾಳ ಇಲ್ಲದೆ ಬಂಡವಾಳದ ಬಗ್ಗೆ ಪರೀಕ್ಷೆ ಬರೀತಿಲ್ವಾ? ಹಾಗೇ ಇದೂ.

ಈ ಸಲದ ಒಂಬತ್ತು ಪೋಸ್ಟಲ್ಲಿ ನಾನು ಹೇಳೋದು ಒಂದೇ ಮಾತು. ಆ ಬಾಟಲಿಯ ಬೆಲೆಯಲ್ಲಿ ದ್ರಾಕ್ಷಿಯ ಪಾಲು ಚಿಕ್ಕದು, ಕಾಯುವ ತಾಕತ್ತಿನ ಪಾಲು ದೊಡ್ಡದು. ಆ ತಾಕತ್ತು ಯಾರ ಹತ್ರ ಇರುತ್ತೋ ದುಡ್ಡು ಅವರಿಗೆ ಹೋಗುತ್ತೆ. ನಮ್ಮ ಕೋಲಾರ ಜಿಲ್ಲೆಗೆ ಬೇಕಾಗಿರೋದೂ ಅದೇ ತಾಕತ್ತು. ಬಾಟಲಿ ಆಮೇಲೆ ನೋಡೋಣ.

2/9 | ಪೋರ್ಟ್ ಅಂದ್ರೆ ಏನು?

ಮೊದಲು ವಿಷಯ ತಿಳ್ಕೊಳ್ಳೋಣ. ಪೋರ್ಚುಗಲ್‌ನ ಉತ್ತರದಲ್ಲಿ ಡೌರೋ ಅಂತ ಒಂದು ನದಿ. ಅದರ ಕಣಿವೆಯ ಕಡಿದಾದ ಇಳಿಜಾರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿ ದ್ರಾಕ್ಷಿ ಬೆಳೀತಾರೆ. "ಈ ಗಡಿಯೊಳಗೆ ಬೆಳೆದಿದ್ದೇ ಪೋರ್ಟ್" ಅಂತ ಅಲ್ಲಿನ ಸರ್ಕಾರ ಗೆರೆ ಎಳೆದಿದ್ದು 1756ರಲ್ಲಿ, ಪೊಂಬಾಲ್ ಅನ್ನೋ ಮಂತ್ರಿಯ ಕಾಲದಲ್ಲಿ. ನಮ್ಮಲ್ಲಿ ಹೈದರಾಲಿ ಇನ್ನೂ ಮೈಸೂರಿನ ಅಧಿಕಾರ ಹಿಡಿಯೋಕೂ ಮುಂಚೆ! ಆ ಕಣಿವೆ 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಮಾಡೋ ರೀತಿ ಹೀಗೆ. ದ್ರಾಕ್ಷಿಯನ್ನ ತುಳಿದು ರಸ ತೆಗೀತಾರೆ. ಕೆಲವು ಕಡೆ ಇವತ್ತಿಗೂ ಕಲ್ಲಿನ ತೊಟ್ಟಿಯಲ್ಲಿ ಕಾಲಲ್ಲೇ ತುಳಿಯೋದು. ರಸ ಹುಳಿ ಬರೋಕೆ ಶುರು ಆಗುತ್ತೆ, ಸಕ್ಕರೆ ಅಂಶ ನಿಧಾನವಾಗಿ ಆಲ್ಕೋಹಾಲ್ ಆಗ್ತಾ ಹೋಗುತ್ತೆ. ಎರಡು ಮೂರು ದಿನಕ್ಕೆ, ಅರ್ಧ ಸಕ್ಕರೆ ಉಳಿದಿರುವಾಗಲೇ, 77% ತೀವ್ರತೆಯ ದ್ರಾಕ್ಷಿ ಸ್ಪಿರಿಟ್ ಸುರೀತಾರೆ. ಹಳೇ ಲೆಕ್ಕದಲ್ಲಿ 435 ಲೀಟರ್ ರಸಕ್ಕೆ 115 ಲೀಟರ್ ಸ್ಪಿರಿಟ್. ಹುಳಿ ಬರೋದು ಅಲ್ಲಿಗೆ ನಿಂತುಬಿಡುತ್ತೆ, ಸಿಹಿ ಹಾಗೇ ಉಳಿಯುತ್ತೆ. ಕೊನೆಗೆ ಸುಮಾರು 20% ಆಲ್ಕೋಹಾಲ್ ಇರೋ ಸಿಹಿ, ಗಟ್ಟಿ ವೈನ್. ಈ ಸಿಹಿ ಮತ್ತು ಸ್ಪಿರಿಟ್ ಎರಡೂ ಇರೋದ್ರಿಂದಲೇ ಅದು ಅಷ್ಟು ಕಾಲ ಕೆಡದೆ ಉಳಿಯೋದು.

ಪೋರ್ಟಲ್ಲೂ ಜಾತಿಗಳಿವೆ. ಮರದ ಪೀಪಾಯಿಯಲ್ಲೇ ಹತ್ತು, ಇಪ್ಪತ್ತು, ಮೂವತ್ತು ವರ್ಷ ಮಾಗೋದು ಟಾನಿ. ವಿಂಟೇಜ್ ಅನ್ನೋದು ಬೇರೆ. ಒಂದೇ ವರ್ಷದ, ಅದೂ ತುಂಬಾ ಒಳ್ಳೇ ವರ್ಷದ ದ್ರಾಕ್ಷಿಯಿಂದ ಮಾಡಿದ್ದು. ಹತ್ತು ವರ್ಷದಲ್ಲಿ ಸರಾಸರಿ ಮೂರು ಸಲ ಮಾತ್ರ ದೊಡ್ಡ ಮನೆತನಗಳು "ಈ ವರ್ಷ ವಿಂಟೇಜ್" ಅಂತ ಘೋಷಿಸ್ತವೆ. 1963, 1977, 1994, 2011 ಹೆಸರಾದ ವರ್ಷಗಳು. ಎರಡರಿಂದ ಮೂರು ವರ್ಷದೊಳಗೆ ಬಾಟಲಿಗೆ ತುಂಬಿ ಮಾರ್ತಾರೆ. ಆಮೇಲೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಅದು ಕತ್ತಲಲ್ಲಿ, ಮಲಗಿಸಿದ ಬಾಟಲಿಯೊಳಗೆ ಮಾಗಬೇಕು.

ಹಾಗಾದ್ರೆ ಅಷ್ಟು ವರ್ಷ ಕಾಯೋದು ಯಾರು? ಕಂಪನಿ ಎರಡು ಮೂರು ವರ್ಷಕ್ಕೇ ಮಾರಿ ಕೈ ತೊಳ್ಕೊಂಡಿರುತ್ತೆ. ಉಳಿದ ಕಾಲ ಕಾಯೋರು ಕೊಂಡವರು.

3/9 | ಹುಟ್ಟಿದ ವರ್ಷದ ಬಾಟಲಿ

ಇಂಗ್ಲೆಂಡಿನ ಶ್ರೀಮಂತ ಮನೆಗಳಲ್ಲಿ ಒಂದು ಹಳೇ ಪದ್ಧತಿ ಇತ್ತು. ಮಗು ಹುಟ್ಟಿದಾಗ ಆ ವರ್ಷದ ಪೋರ್ಟ್ ಕೊಂಡು ನೆಲಮಾಳಿಗೆಯಲ್ಲಿ ಇಡೋದು. ಕೆಲವರು ಒಂದು ಪೀಪಾಯಿಯಷ್ಟು ಇಡ್ತಿದ್ರು. ಅಂದ್ರೆ ಸುಮಾರು 550 ಲೀಟರ್, 700ಕ್ಕೂ ಹೆಚ್ಚು ಬಾಟಲಿ. ಮಗುವಿಗೆ ಇಪ್ಪತ್ತೊಂದು ತುಂಬಿದ ದಿನ ಮೊದಲ ಬಾಟಲಿ ತೆಗೆಯೋದು. ನಮ್ಮ ಗ್ರೂಪಿನ "ಇಪ್ಪತ್ತೊಂದಕ್ಕೆ ಪೋರ್ಟ್" ಅನ್ನೋ ಐಡಿಯಾದ ಮೂಲ ಇಲ್ಲಿದೆ. ಆದರೆ ಅರ್ಧ ಮಾತ್ರ ನಮ್ಮ ಗ್ರೂಪಿಗೆ ತಲುಪಿದೆ. ಕುಡಿಯೋ ಭಾಗ ಬಂತು, ಇಡೋ ಭಾಗ ಬರಲಿಲ್ಲ.

ರುಚಿ ಹೇಗಂತೆ? ಬಲ್ಲವರು ಬರೆದಿದ್ದನ್ನ ಓದಿ ಹೇಳ್ತೀನಿ. ಹೊಸದರಲ್ಲಿ ಅದು ಶಾಯಿಯಷ್ಟು ಕಪ್ಪು ನೇರಳೆ, ಕುಡಿದ್ರೆ ಎಳೇ ಬಾಳೆಕಾಯಿ ಕಚ್ಚಿದ ಹಾಗೆ ಬಾಯೆಲ್ಲ ಒಗರು. ವರ್ಷ ಕಳೆದಂತೆ ಆ ಒಗರು ಮತ್ತು ಬಣ್ಣ ಕೆಳಗೆ ಗಸಿಯಾಗಿ ಕೂರುತ್ತೆ. ಮೇಲಿನದು ತಿಳಿಯಾಗಿ, ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಮಾಲೂರಿನವರಿಗೆ ಬೇರೆ ವಿವರಣೆ ಬೇಡ, ನಮ್ಮ ಹೆಂಚಿನ ಬಣ್ಣ ನೆನೆಸ್ಕೊಳ್ಳಿ. ರುಚಿಯಲ್ಲಿ ಒಣದ್ರಾಕ್ಷಿ, ಅಂಜೂರ, ಬೀಜಗಳು, ಸ್ವಲ್ಪ ಚಾಕೊಲೇಟ್ ಬರುತ್ತಂತೆ.

ಬಡಿಸೋಕೂ ಒಂದು ಶಿಸ್ತಿದೆ. ಬಾಟಲಿಯನ್ನ ಒಂದು ದಿನ ಮುಂಚೆಯೇ ನಿಲ್ಲಿಸಿಡಬೇಕು, ಗಸಿ ತಳ ಸೇರಲಿ ಅಂತ. ಅಲುಗಾಡಿಸದೆ ಬೇರೆ ಹೂಜಿಗೆ ಬಗ್ಗಿಸಬೇಕು. ಊಟ ಆದ ಮೇಲೆ ಚಿಕ್ಕ ಗ್ಲಾಸಲ್ಲಿ, ತಲೆಗೆ 75 ಎಂಎಲ್ ಅಂತ ಹಿಡಿದ್ರೆ ಒಂದು ಬಾಟಲಿ ಹತ್ತು ಜನಕ್ಕೆ. ಒಮ್ಮೆ ತೆಗೆದರೆ ಎರಡು ಮೂರು ದಿನದಲ್ಲಿ ಸತ್ವ ಹೋಗುತ್ತೆ. ಅಂದ್ರೆ ಒಬ್ಬರೇ ಇಟ್ಕೊಂಡು ಕುಡಿಯೋ ವಸ್ತುವೇ ಅಲ್ಲ ಅದು. ಇಪ್ಪತ್ತು ವರ್ಷ ಕಾದಿದ್ದನ್ನ ಒಂದೇ ಸಂಜೆ ಹತ್ತು ಜನ ಹಂಚ್ಕೋಬೇಕು.

ನಿಜ ಹೇಳ್ಬೇಕು ಅಂದ್ರೆ ನನಗೆ ಹಿಡಿಸಿದ್ದು ಇದೇ. ಕೊಂಡು ಇಟ್ಟವರಿಗೆ ಅದನ್ನ ಕುಡಿಯೋ ಭಾಗ್ಯ ಇರುತ್ತೋ ಇಲ್ವೋ ಗೊತ್ತಿಲ್ಲ. ಆದ್ರೂ ಇಟ್ಟಿರ್ತಾರೆ.

4/9 | ಕಾಯೋದಕ್ಕೆ ಎಷ್ಟು ಖರ್ಚು?

ಈಗ ನಮ್ಮ ಸಬ್ಜೆಕ್ಟ್. ಕ್ಯಾಲ್ಕುಲೇಟರ್ ತಗೊಳ್ಳಿ.

1,000 ರೂಪಾಯಿ ಮಾಲು ಇಟ್ಕೊಂಡಿದೀರ. ಮಾರಲ್ಲ, ಸುಮ್ನೆ ಇಡ್ತೀರ. ಆ ದುಡ್ಡಿಗೆ ವರ್ಷಕ್ಕೆ 10% ಚಕ್ರಬಡ್ಡಿ ಅಂತ ಇಟ್ಕೊಳ್ಳಿ. 20 ವರ್ಷಕ್ಕೆ ಎಷ್ಟು? 6,727 ರೂಪಾಯಿ. 21 ವರ್ಷಕ್ಕೆ 7,400. ಅಂದ್ರೆ ಏಳು ಪಟ್ಟಿಗಿಂತ ಕಡಿಮೆಗೆ ಮಾರಿದ್ರೆ ನಿಮಗೆ ಲಾಸು. ಗೋದಾಮು, ಇನ್ಶೂರೆನ್ಸ್, ಒಡೆದ ಬಾಟಲಿ ಇನ್ನೂ ಸೇರಿಸಿಲ್ಲ.

ಪೀಪಾಯಿಯಲ್ಲಿ ಮಾಗೋ ಟಾನಿಗೆ ಇನ್ನೊಂದು ಕಷ್ಟ, ಮರದ ಸಂದಲ್ಲಿ ಆವಿಯಾಗುತ್ತೆ. ವರ್ಷಕ್ಕೆ 2% ಹೋಗುತ್ತೆ ಅಂತ ಹಿಡಿದ್ರೆ 20 ವರ್ಷದಲ್ಲಿ ಮೂರನೇ ಒಂದು ಭಾಗ ಮಾಯ. ನೂರು ಲೀಟರ್ ಇಟ್ರೆ ಸಿಗೋದು 67.

ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್ ಕ್ಲಾಸಲ್ಲಿ ನಿದ್ದೆ ಮಾಡಿದವರಿಗೆ ಒಂದು ಕೊಡುಗೆ. ಎಎಸ್ 2 ಏನು ಹೇಳುತ್ತೆ? ದಾಸ್ತಾನಿನ ವೆಚ್ಚಕ್ಕೆ ಗೋದಾಮಿನ ಖರ್ಚು ಸೇರಿಸಬೇಡಿ ಅನ್ನುತ್ತೆ. ಆದರೆ ಒಂದು ವಿನಾಯಿತಿ ಕೊಡುತ್ತೆ: ಮುಂದಿನ ಹಂತಕ್ಕೆ ಹೋಗೋ ಮುಂಚೆ ಹಾಗೆ ಇಡೋದೇ ಉತ್ಪಾದನೆಯ ಭಾಗ ಆಗಿದ್ರೆ ಸೇರಿಸಬಹುದು. ಎಎಸ್ 16 ಇನ್ನೂ ಮುಂದೆ ಹೋಗುತ್ತೆ. ಮಾರೋ ಸ್ಥಿತಿಗೆ ಬರೋಕೇ ಗಣನೀಯ ಕಾಲ, ಸಾಮಾನ್ಯವಾಗಿ ಹನ್ನೆರಡು ತಿಂಗಳು, ಬೇಕಾದ ದಾಸ್ತಾನಿಗೆ ಸಾಲದ ಬಡ್ಡಿಯನ್ನೂ ವೆಚ್ಚವಾಗಿ ಸೇರಿಸಬಹುದು. ಪೀಪಾಯಿಯಲ್ಲಿ ಮಾಗುತ್ತಿರೋ ಮದ್ಯಕ್ಕಿಂತ ಒಳ್ಳೇ ಉದಾಹರಣೆ ಇದಕ್ಕೆ ಸಿಗಲ್ಲ.

ಅರ್ಥ ಆಯ್ತಾ? ಅಕೌಂಟಿಂಗ್ ಭಾಷೆಯಲ್ಲಿ ಅಲ್ಲಿ ಕಾಲವೇ ಒಂದು ಕಚ್ಚಾ ಮಾಲು. ದ್ರಾಕ್ಷಿ, ಸ್ಪಿರಿಟ್, ಬಾಟಲಿ, ಕಾಲ. ನಾಲ್ಕಕ್ಕೂ ಬಿಲ್ ಇದೆ.

ಟೊಮೆಟೊ ಬೆಳೆದವರು ಕಾಲವನ್ನ ಯಾವ ಕಾಲಂನಲ್ಲಿ ಬರೀಬೇಕು? ಅವರಿಗೆ ಅದು ಆಸ್ತಿ ಆಗೋ ಮಾತೇ ಇಲ್ಲ, ಗಂಟೆ ಗಂಟೆಗೂ ನಷ್ಟದ ಕಡೆಗೇ ಬರೀಬೇಕು.

5/9 | ಹೆಸರು ಅವರದ್ದು, ದ್ರಾಕ್ಷಿ ನಮ್ಮದು

"ಪೋರ್ಟ್ ನಮ್ಮಲ್ಲೇ ಸಿಗುತ್ತಲ್ಲ, ಇನ್ನೂರು ಮುನ್ನೂರಕ್ಕೆ?" ಅಂದಿದ್ರು ಒಬ್ಬರು ಹೋದ ಸಲದ ಕಾಮೆಂಟಲ್ಲಿ. ಗೋವಾ ಟ್ರಿಪ್ಪಿಗೆ ಹೋದವರು ತಂದುಕೊಡೋ ಸಿಹಿ ಕೆಂಪು ಬಾಟಲಿ ಕೂಡ "ಪೋರ್ಟ್ ವೈನ್". ಗೋವಾ 1961ರವರೆಗೆ ಪೋರ್ಚುಗೀಸರ ಕೈಲಿತ್ತು, ಆ ಹೆಸರು ಅಲ್ಲಿ ಉಳಿದಿದ್ದರಲ್ಲಿ ಆಶ್ಚರ್ಯ ಇಲ್ಲ. ಯುರೋಪಲ್ಲಿ ಮಾತ್ರ ಡೌರೋ ಕಣಿವೆಯದ್ದಲ್ಲದ ವೈನಿಗೆ ಆ ಹೆಸರು ಹಾಕೋ ಹಾಗಿಲ್ಲ.

ನಮ್ಮ ಕಡೆಯ ಈ ಸಿಹಿ ವೈನಿಗೆ ಹೆಚ್ಚಾಗಿ ಬಳಸೋ ದ್ರಾಕ್ಷಿ ಯಾವುದು ಗೊತ್ತಾ? ಈ ಪೋಸ್ಟಿನ ಫೋಟೋದಲ್ಲಿ ಬುಟ್ಟಿ ತುಂಬ ಇದೆ ನೋಡಿ. ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗೆ ಹಾಕಿದ ತಕ್ಷಣ ಘಮ್ಮನ್ನೋ ಕಪ್ಪು ದ್ರಾಕ್ಷಿ. ಬೆಂಗಳೂರು ಬ್ಲೂ. ಚಿಕ್ಕವರಿದ್ದಾಗ ಸಿಪ್ಪೆ ಹಿಂಡಿ ತಿರುಳು ನುಂಗಿ ನಾಲಿಗೆ ನೇರಳೆ ಮಾಡ್ಕೊಂಡಿದ್ದು ನೆನಪಿದೆ ತಾನೇ? ಅದೇ.

ಬೆಂಗಳೂರು ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸುಮಾರು ನೂರೈವತ್ತು ವರ್ಷದಿಂದ ಇದನ್ನ ಬೆಳೀತಿದಾರೆ. ವರ್ಷಕ್ಕೆ ಎರಡು ಬೆಳೆ ಕೊಡುತ್ತೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿತು. ಹೆಸರಲ್ಲಿ ಬೆಂಗಳೂರು ಇದ್ರೂ ನಂದಿ ಬೆಟ್ಟದ ತಪ್ಪಲು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗೋವರೆಗೆ ನಮ್ಮ ಕೋಲಾರ ಜಿಲ್ಲೆಯದ್ದೇ. ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು.

ಈಗ ಅಂಗಡಿಯಲ್ಲಿ ಬಾಟಲಿ ನೋಡಿ. "ಪೋರ್ಟ್" ಅಂತ ದಪ್ಪಕ್ಷರ. ಬೆಂಗಳೂರು ಬ್ಲೂ ಅಂತ ಇದ್ರೆ ಎಲ್ಲೋ ಮೂಲೆಯಲ್ಲಿ. ನಮಗೆ ಜಿಐ ಇದೆ, ನೂರೈವತ್ತು ವರ್ಷದ ಕಥೆ ಇದೆ. ಆದ್ರೂ ದೂರದ ಊರಿನ ಹೆಸರು ಎರವಲು ತರ್ತೀವಿ. ಮಾರ್ಕೆಟಿಂಗ್ ಪೇಪರಲ್ಲಿ ಬ್ರ್ಯಾಂಡ್ ಈಕ್ವಿಟಿ ಬಗ್ಗೆ ಎಂಟು ಮಾರ್ಕಿಗೆ ಬರೀತೀವಲ್ಲ, ಅದನ್ನ ನಾವೇ ಪುಕ್ಕಟೆ ಬೇರೆಯವರಿಗೆ ಕೊಡ್ತಿದೀವಿ.

ಆ ಬಾಟಲಿ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಹೆಚ್ಚಿನವು ಬೇಗ ಕುಡಿಯೋಕೆ ಅಂತಲೇ ಮಾಡಿದ ಸಿಹಿ ವೈನ್. ಅದನ್ನ ಒಡೆದು "ಪೋರ್ಟ್ ಟೇಸ್ಟ್ ಮಾಡಿದ್ವಿ" ಅಂತ ಸ್ಟೋರಿ ಹಾಕಿದ್ರೆ, ಪೋರ್ಟಿನಲ್ಲಿರೋ ಮುಖ್ಯ ವಸ್ತುವನ್ನೇ ನೀವು ರುಚಿ ನೋಡಿರಲ್ಲ, ಕಾಲವನ್ನ.

6/9 | ಅಲ್ಲೂ ಬೆಳೆದವರೇ ಬೇರೆ, ಕಾದವರೇ ಬೇರೆ

ಪೋರ್ಚುಗಲ್ ಅಂದ ತಕ್ಷಣ ಅಲ್ಲಿನ ರೈತರೆಲ್ಲ ಕುಬೇರರು ಅಂದ್ಕೋಬೇಡಿ.

ದ್ರಾಕ್ಷಿ ಬೆಳೆಯೋದು ಡೌರೋ ಕಣಿವೆಯ ಮೇಲ್ಭಾಗದಲ್ಲಿ. ಮಾಗಿಸೋದು ನದಿ ಸಮುದ್ರ ಸೇರೋ ಹತ್ತಿರ, ವಿಲಾ ನೋವಾ ದೆ ಗಾಯಾ ಅನ್ನೋ ಊರಿನ ಗೋದಾಮುಗಳಲ್ಲಿ. ಹಿಂದೆ ಚಪ್ಪಟೆ ದೋಣಿಗಳಲ್ಲಿ ಪೀಪಾಯಿ ಹೇರಿಕೊಂಡು ನದಿಯುದ್ದಕ್ಕೂ ತರ್ತಿದ್ರು. ಗೋದಾಮು ಇಟ್ಟವರು ವ್ಯಾಪಾರಿ ಮನೆತನಗಳು, ಅವರಲ್ಲಿ ಬಹಳ ಜನ ಬ್ರಿಟಿಷರು. 1703ರಲ್ಲಿ ಇಂಗ್ಲೆಂಡ್ ಮತ್ತು ಪೋರ್ಚುಗಲ್ ಮಧ್ಯೆ ಮೆಥುಯೆನ್ ಒಪ್ಪಂದ ಆಯ್ತು, ಪೋರ್ಚುಗಲ್ ವೈನಿಗೆ ಇಂಗ್ಲೆಂಡಲ್ಲಿ ಸುಂಕ ಕಡಿಮೆ ಆಯ್ತು, ವ್ಯಾಪಾರ ಬೆಳೀತು.

ತಮಾಷೆ ಕೇಳಿ. 1986ರವರೆಗೆ ಕಣಿವೆಯಲ್ಲಿ ಬೆಳೆದವರು ತಮ್ಮ ತೋಟದಿಂದ ನೇರವಾಗಿ ಪೋರ್ಟ್ ರಫ್ತು ಮಾಡೋ ಹಾಗೇ ಇರಲಿಲ್ಲ. ಗಾಯಾದ ಮೂಲಕವೇ ಹೋಗಬೇಕಿತ್ತು. ಬೆಳೆದವರು ಸುಗ್ಗಿಯಲ್ಲೇ ಮಾರಬೇಕು, ವ್ಯಾಪಾರಿ ವರ್ಷಗಟ್ಟಲೆ ಕಾಯಬಹುದು. ಇವತ್ತಿಗೂ ದ್ರಾಕ್ಷಿಗೆ ಬೆಲೆ ಸಾಲದು ಅಂತ ಡೌರೋ ರೈತರು ಬೀದಿಗಿಳಿಯೋದು ನಿಂತಿಲ್ಲ.

ಆದರೆ ಅಲ್ಲಿ ಒಂದು ನಿಯಮ ಇದೆ, ಅದನ್ನ ನಾವು ಕಲೀಬೇಕು. ಅದನ್ನ "ಮೂರನೇ ಒಂದರ ನಿಯಮ" ಅಂತಾರೆ. ಪೋರ್ಟ್ ವ್ಯಾಪಾರಿ ತನ್ನ ದಾಸ್ತಾನಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನ ಒಂದು ವರ್ಷದಲ್ಲಿ ಮಾರೋ ಹಾಗಿಲ್ಲ. ಮೂರು ಲೀಟರ್ ಇಟ್ಟವರಿಗೆ ಮಾತ್ರ ಒಂದು ಲೀಟರ್ ಮಾರೋ ಹಕ್ಕು. ಕಾಯೋದನ್ನ ಕಾನೂನಾಗಿ ಮಾಡಿಬಿಟ್ಟಿದಾರೆ. ಯಾವ ತೋಟದಿಂದ ಎಷ್ಟು ಪೋರ್ಟ್ ಮಾಡಬಹುದು ಅನ್ನೋದಕ್ಕೂ ತೋಟಗಳನ್ನ ದರ್ಜೆ ಮಾಡಿ ಪ್ರತಿವರ್ಷ ಮಿತಿ ಹಾಕ್ತಾರೆ. ಮಾಲು ಒಮ್ಮೆಗೇ ನುಗ್ಗಿ ಬೆಲೆ ಮಣ್ಣುಪಾಲಾಗಬಾರದು ಅಂತ.

ಎಲ್ಲವೂ ಸರಿ ಇದೆ ಅಂತಲ್ಲ. ಆದ್ರೆ "ಮಾರುಕಟ್ಟೆ ಹೇಗೆ ಬರುತ್ತೋ ಹಾಗೆ" ಅಂತ ಕೈಕಟ್ಟಿ ಕೂತಿಲ್ಲ.

7/9 | ನಮ್ಮ ಜಿಲ್ಲೆ ಯಾಕೆ ಕಾಯಲ್ಲ?

ಕೋಲಾರ ಎಪಿಎಂಸಿಗೆ ಒಂದು ಬೆಳಿಗ್ಗೆ ಹೋಗಿ ನೋಡಿ. ಟೊಮೆಟೊಗೆ ಇಡೀ ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 15 ಕೆಜಿ ಬಾಕ್ಸುಗಳ ಗೋಡೆ. 2023ರ ಜುಲೈಯಲ್ಲಿ ಅದೇ ಬಾಕ್ಸ್ 2,000 ರೂಪಾಯಿ ದಾಟಿತ್ತು, ದೇಶದ ಟಿವಿ ಎಲ್ಲ ಕೋಲಾರಕ್ಕೆ ಬಂದಿತ್ತು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು, ಟಿವಿಯವರು ಯಾರೂ ಇರಲಿಲ್ಲ. ರೇಟ್ ಬಿದ್ದ ವರ್ಷ ರಸ್ತೆ ಬದಿ ಸುರಿದ ಕೆಂಪು ರಾಶಿ ನೋಡದವರು ನಮ್ಮಲ್ಲಿ ಯಾರಿದೀರ ಹೇಳಿ.

ಶ್ರೀನಿವಾಸಪುರಕ್ಕೆ ಬನ್ನಿ. ಮಾವಿನ ಊರು. ತೋತಾಪುರಿ ಹೆಚ್ಚಾಗಿ ತಿರುಳು ತೆಗೆಯೋ ಫ್ಯಾಕ್ಟರಿಗೆ ಹೋಗುತ್ತೆ, ಫ್ಯಾಕ್ಟರಿಗಳು ಬಹಳಷ್ಟು ಗಡಿಯಾಚೆ ಚಿತ್ತೂರಿನ ಕಡೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಬೇರೆ ರಾಜ್ಯದ ತೋತಾಪುರಿ ಬರಬಾರದು ಅಂತ ತಡೆದಾಗ ಏನಾಯ್ತು? ನಮ್ಮ ಹಣ್ಣು ಮರದಲ್ಲಿ, ಗಾಡಿಯಲ್ಲಿ ಹಾಗೇ. ಬೆಳೆಗಾರರು ಬೀದಿಗೆ ಇಳಿದ್ರು, ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೀಬೇಕಾಯ್ತು. ಪತ್ರ ಹೋಗಿ ಉತ್ತರ ಬರೋವರೆಗೆ ಮಾವು ಕಾಯುತ್ತಾ?

ಮಾಲೂರಿನ ಹೂವು ಹೇಳೋದೇ ಬೇಡ. ಬೆಳಿಗ್ಗೆ ಕಿತ್ತಿದ್ದು ಸಂಜೆಗೆ ಬಾಡಿದ್ರೆ ಮುಗೀತು.

ಟೊಮೆಟೊ, ಮಾವು, ಹೂವು, ದ್ರಾಕ್ಷಿ. ನಾಲ್ಕೂ ಒಳ್ಳೇ ಬೆಳೆ, ನಾಲ್ಕೂ ಕಾಯಲ್ಲ. ಮಾರೋರಿಗೆ ಇವತ್ತೇ ಮಾರಬೇಕು, ಕೊಳ್ಳೋರಿಗೆ ನಾಳೆ ಕೊಂಡ್ರೂ ನಡೆಯುತ್ತೆ. ಚೌಕಾಸಿಯಲ್ಲಿ ಯಾರು ಗೆಲ್ತಾರೆ ಅಂತ ಹೇಳೋಕೆ ಬಿಕಾಂ ಬೇಕಾಗಿಲ್ಲ.

ನಮ್ಮ ಕ್ಲಾಸಲ್ಲೇ ಅರ್ಧ ಜನ ಇಂಥ ಮನೆಗಳಿಂದ ಬಂದವರು. ಫೀಸ್ ಕಟ್ಟೋ ತಾರೀಖು ಕೂಡ ಮಂಡಿ ರೇಟಿನ ಮೇಲೆ ನಿಂತಿರುತ್ತೆ ಅಂತ ಗೊತ್ತಿರೋರು. ಅಂಥವರಿಗೆ "ಓಲ್ಡ್ ಈಸ್ ಗೋಲ್ಡ್" ಅನ್ನೋ ಕ್ಯಾಪ್ಷನ್ ಹಾಕಿದ ಪೋರ್ಟ್ ರೀಲ್ ಕಳಿಸಿದ್ರೆ ನಗಬೇಕೋ ಅಳಬೇಕೋ? ಹಳೇದು ಚಿನ್ನ ಆಗೋದು ಇಟ್ಕೊಳ್ಳೋಕೆ ಜಾಗ, ಬಡ್ಡಿ ಕಟ್ಟೋಕೆ ದುಡ್ಡು ಇದ್ದವರ ಮನೆಯಲ್ಲಿ. ಇಲ್ಲದವರ ಮನೆಯಲ್ಲಿ ಹಳೇದು ಗೊಬ್ಬರ.

8/9 | ನಮಗೂ ಒಂದು ನೆಲಮಾಳಿಗೆ ಇತ್ತು

ಇತ್ತು ಕಣ್ರೀ. ಹೆಸರು ಹಗೇವು.

ಊರಲ್ಲಿ ಎಂಬತ್ತು ದಾಟಿದ ಅಜ್ಜಿ ತಾತ ಇದ್ರೆ ಕೇಳಿ. ನೆಲದೊಳಗೆ ಗುಂಡಗೆ ಆಳವಾಗಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತೋರು. ರಾಗಿಗೆ ಹುಳ ಸುಲಭಕ್ಕೆ ಹತ್ತಲ್ಲ, ಗಾಳಿ ಆಡದ ಹಗೇವಲ್ಲಿ ವರ್ಷಗಟ್ಟಲೆ ಕೆಡದೆ ಇರೋದು. ಮಳೆ ಕೈಕೊಟ್ಟ ವರ್ಷ ತೆಗೆಯೋರು. ತೆಗೆಯೋದಕ್ಕೂ ಶಿಸ್ತು ಇತ್ತು. ಬಾಯಿ ತೆಗೆದ ತಕ್ಷಣ ಇಳಿಯೋ ಹಾಗಿಲ್ಲ, ಒಳಗೆ ಕೆಟ್ಟ ಗಾಳಿ ಇರುತ್ತೆ, ಜೀವಕ್ಕೇ ಅಪಾಯ. ಆರೋಕೆ ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದ್ರೆ ಆಮೇಲೆ ಮನುಷ್ಯ ಇಳಿಯೋದು. ಕಾದ ಇಕ್ಕಳಕ್ಕಿಂತ ಇದೇನು ಕಡಿಮೆ? ರೀಲ್ ಮಾಡೋರು ಇರಲಿಲ್ಲ ಅಷ್ಟೇ.

ಹಗೇವು ಇದ್ದ ಮನೆಯವರು ಸುಗ್ಗಿಯಲ್ಲಿ ಸಾಹುಕಾರ ಹೇಳಿದ ರೇಟಿಗೆ ತಲೆಯಾಡಿಸಬೇಕಾಗಿರಲಿಲ್ಲ. ಹೊಟ್ಟೆಗೆ ಇದೆ ಅನ್ನೋ ಧೈರ್ಯವೇ ಅವರ ಕಾಯೋ ತಾಕತ್ತು. ಹಾಗಂತ ಎಲ್ಲರ ಮನೆಯಲ್ಲೂ ಹಗೇವು ಇರಲಿಲ್ಲ. ಜಮೀನು ಇದ್ದವರದ್ದು ತುಂಬಿರೋದು, ಕೂಲಿ ಮಾಡೋರು ಅವರ ಬಾಗಿಲಿಗೇ ಹೋಗಿ ನಿಲ್ಲಬೇಕಿತ್ತು. ಆಗಲೂ ಕಾಯೋ ತಾಕತ್ತು ಹಂಚಿಕೆಯಾಗಿದ್ದು ಸಮನಾಗಿ ಅಲ್ಲ.

ವಾಪಸ್ ಹಗೇವಿಗೆ ಹೋಗೋಣ ಅಂತ ನಾನು ಹೇಳ್ತಿಲ್ಲ. ಇವತ್ತಿನ ಹಗೇವು ಬೇರೆ ರೂಪದಲ್ಲಿ ಇದೆ. 2007ರ ಉಗ್ರಾಣ ಕಾಯ್ದೆಯ ಪ್ರಕಾರ ನೋಂದಣಿಯಾದ ಗೋದಾಮಲ್ಲಿ ರಾಗಿ ಇಟ್ರೆ ಒಂದು ರಸೀದಿ ಕೊಡ್ತಾರೆ, ಈಗ ಅದು ಎಲೆಕ್ಟ್ರಾನಿಕ್. ಆ ರಸೀದಿ ಅಡ ಇಟ್ಟು ಬ್ಯಾಂಕಲ್ಲಿ ಸಾಲ ತಗೊಂಡು, ರೇಟ್ ಬಂದಾಗ ಮಾರಬಹುದು. ನಾವು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಪಾಠ ಬಾಯಿಪಾಠ ಮಾಡಿದ್ವಲ್ಲ, ಅದರ ಪಕ್ಕದ ಮನೆಯದ್ದೇ ಇದು. ನಮ್ಮ ಕ್ಲಾಸಲ್ಲಿ ಎಷ್ಟು ಜನ ಮನೆಗೆ ಹೋಗಿ ಅಪ್ಪನಿಗೆ ಇದನ್ನ ಹೇಳಿದೀರ?

ಹಣ್ಣು ತರಕಾರಿಗೆ ರಸೀದಿ ಸಾಲಲ್ಲ, ಅವಕ್ಕೆ ರೂಪ ಬದಲಾಗಬೇಕು. ಒಣಗಿಸೋದು, ತಿರುಳು ತೆಗೆಯೋದು, ರಸ ಮಾಡೋದು. ಫ್ಯಾಕ್ಟರಿ ನಮ್ಮ ಗಡಿಯೊಳಗೆ, ಬೆಳೆದವರ ಸಂಘದ ಪಾಲು ಸೇರಿ ಇರಬೇಕು. ಪೋರ್ಟ್ ಕೂಡ ಮೂಲದಲ್ಲಿ ಅದೇ ಅಲ್ವಾ? ಎರಡು ದಿನ ಕಾಯದ ದ್ರಾಕ್ಷಿಯನ್ನ ನಲವತ್ತು ವರ್ಷ ಕಾಯೋ ಹಾಗೆ ಮಾಡಿದ ಕೆಲಸ.

9/9 | ಹಾಗಾದ್ರೆ ಇಪ್ಪತ್ತೊಂದಕ್ಕೆ ಏನು ಮಾಡೋಣ?

ಒಂದು ಮಾತು ನೇರವಾಗಿ. ಕುಡಿತದಿಂದ ಮುರಿದ ಮನೆಗಳು ನಮ್ಮ ಬೀದಿಗಳಲ್ಲಿ ಇವೆ, ನಿಮಗೂ ಗೊತ್ತು ನನಗೂ ಗೊತ್ತು. ಪೋರ್ಟ್ ಅಂದ್ರೆ ಸ್ಟೈಲು, ಸಾರಾಯಿ ಅಂದ್ರೆ ಚಟ ಅನ್ನೋ ನಾಟಕ ನನಗೆ ಬೇಡ, 20% ಆಲ್ಕೋಹಾಲ್ ಎಲ್ಲಿದ್ರೂ 20 ಪರ್ಸೆಂಟೇ. ವಯಸ್ಸು ತುಂಬಿದ ಮೇಲೆ ಯಾರಾದ್ರೂ ಒಂದು ಚಿಕ್ಕ ಗ್ಲಾಸ್ ರುಚಿ ನೋಡಿದ್ರೆ ನಾನು ಜಡ್ಜ್ ಅಲ್ಲ. ನೋಡದೇ ಇದ್ರೂ ಏನೂ ಕಳ್ಕೊಳ್ಳಲ್ಲ.

ನನ್ನ ತಕರಾರು ಒಂದೇ. ಪದ್ಧತಿಯನ್ನ ಎರವಲು ತರೋದಾದ್ರೆ ಪೂರ್ತಿ ತರೋಣ. ಅದರ ಒಳ್ಳೇ ಭಾಗ ಮಗು ಹುಟ್ಟಿದ ದಿನ ನಡೆಯೋದು, ಬಾಟಲಿ ಒಡೆದ ದಿನವಲ್ಲ. ಯಾರೋ ಒಬ್ಬರು ಇಪ್ಪತ್ತೊಂದು ವರ್ಷ ಮುಂದೆ ಯೋಚನೆ ಮಾಡಿದ್ರು.

ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಅಂತ ಖಾತೆ ಇದೆ, 2015ರಲ್ಲಿ ಶುರುವಾಗಿದ್ದು. ಹತ್ತು ವರ್ಷದೊಳಗಿನ ಹೆಣ್ಣು ಮಗುವಿನ ಹೆಸರಲ್ಲಿ ತೆಗೀಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ, 15 ವರ್ಷ ಕಟ್ಟಬೇಕು. ಮೆಚ್ಯೂರ್ ಆಗೋದು ಯಾವಾಗ ಗೊತ್ತಾ? ತೆಗೆದ ದಿನದಿಂದ 21 ವರ್ಷಕ್ಕೆ! ಇಂಗ್ಲೆಂಡಿನವರು ನೆಲಮಾಳಿಗೆಯಲ್ಲಿ ಇಟ್ಟಿದ್ದನ್ನ ನಾವು ಮಾಲೂರು ಪೋಸ್ಟಾಫೀಸಲ್ಲಿ ಇಡಬಹುದು. ಇದಕ್ಕೆ ಆವಿ ಆಗೋ ಚಿಂತೆ ಇಲ್ಲ, ಬಡ್ಡಿ ನಮ್ಮ ಕಡೆಗೇ ಬರುತ್ತೆ.

ಖಾತೆ ತೆರೆಯೋದು ಅಪ್ಪ ಅಮ್ಮ ಅಥವಾ ಪೋಷಕರು, ನಾವಲ್ಲ. ಆದರೆ ಅಕ್ಕನಿಗೆ, ಚಿಕ್ಕಮ್ಮನಿಗೆ ಫಾರಂ ತಂದುಕೊಟ್ಟು, ತುಂಬಿಸಿ, ಮೊದಲ 250 ನಮ್ಮ ಜೇಬಿಂದ ಹಾಕಬಹುದು. ಗಂಡು ಮಗು ಆದ್ರೆ ಹೊಲದ ಬದುವಲ್ಲಿ ಒಂದು ಹುಣಸೆ ಸಸಿ ನೆಡಿ. ಹೆಣ್ಣು ಮಗುವಿಗೂ ನೆಡಿ, ಮರ ಏನು ಬೇಡ ಅನ್ನುತ್ತಾ? ಮಗು ಕಾಲೇಜಿಗೆ ಬರೋ ಹೊತ್ತಿಗೆ ಅದು ಒಳ್ಳೇ ಫಲ ಕೊಡುತ್ತಿರುತ್ತೆ. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಇಟ್ರೆ ವರ್ಷಾನುಗಟ್ಟಲೆ ಇರುತ್ತೆ. ನಮ್ಮ ಜಿಲ್ಲೆಯಲ್ಲಿ ಕಾಯೋಕೆ ಗೊತ್ತಿರೋ ಹಣ್ಣು ಅದೊಂದೇ ಇರಬೇಕು.

ನಮ್ಮ ಗ್ರೂಪಿಗೆ ನನ್ನ ಪ್ರಸ್ತಾವ ಇದು: ಆ ತಲೆಗೆ ಇಷ್ಟು ದುಡ್ಡನ್ನ ಒಟ್ಟು ಮಾಡಿ, ಕ್ಲಾಸಲ್ಲಿ ಯಾರ ಮನೆಯಲ್ಲಿ ಮುಂದೆ ಹೆಣ್ಣು ಮಗು ಹುಟ್ಟುತ್ತೋ ಆ ಖಾತೆಗೆ ಮೊದಲ ಕಂತು ಹಾಕೋಣ. ಪಾರ್ಟಿಗೆ ಮುಳಬಾಗಿಲು ದೋಸೆ ಸಾಕು, ಎರಡೆರಡು.

ಈಗ ನಿಮ್ಮ ಸರದಿ. ಇವತ್ತು ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿ: "ನಮ್ಮನೇಲಿ ಇಟ್ಟಿರೋ ತಿನ್ನೋ ಪದಾರ್ಥದಲ್ಲಿ ಎಲ್ಲಕ್ಕಿಂತ ಹಳೇದು ಯಾವುದು?" ಉಪ್ಪಿನಕಾಯಿ ಜಾಡಿ, ಹಳೇ ಹುಣಸೆ, ಹಳೇ ಬೆಲ್ಲ, ಏನೇ ಇರಲಿ. ಎಷ್ಟು ವರ್ಷದ್ದು, ಯಾರು ಇಟ್ಟಿದ್ದು, ಯಾವುದಕ್ಕೆ ಅಂತ ಇಟ್ಟಿದಾರೆ ಅಂತ ಕಾಮೆಂಟಲ್ಲಿ ಬರೀರಿ. ಒಳ್ಳೊಳ್ಳೇ ಉತ್ತರಗಳನ್ನ ಭಾನುವಾರ ಸ್ಟೋರಿಗೆ ಹಾಕ್ತೀನಿ.

#ಮಾಲೂರು #ಕೋಲಾರ #ಬಿಕಾಂಬರಹ #ಬೆಂಗಳೂರುಬ್ಲೂ #ಹಗೇವು